ಹೆಸರಿಲ್ಲದ ಬೆಳ್ಳಿ: ಕಾರ್ಥೇಜಿನ ನಾಣ್ಯಗಳು ಯಾರವು?

ಇಂಟರ್ನೆಟ್ಟಿನಲ್ಲಿ ಹ್ಯಾನಿಬಲ್ ಎಂದು ಹುಡುಕಿ ನೋಡಿ. ಆಲ್ಪ್ಸ್ ಪರ್ವತ ಹತ್ತುತ್ತಿರುವ ಆನೆಗಳ ಚಿತ್ರಗಳ ನಡುವೆ ಒಂದು ಬೆಳ್ಳಿ ನಾಣ್ಯ ಕಾಣಿಸಿಯೇ ಕಾಣಿಸುತ್ತದೆ. ಒಂದು ಬದಿಯಲ್ಲಿ ಎಲೆಗಳ ಮಾಲೆಯನ್ನು ತಲೆಗೆ ಸುತ್ತಿಕೊಂಡ, ಗಡ್ಡವಿಲ್ಲದ ಯುವಕನ ಮುಖ, ಹೆಗಲ ಮೇಲೆ ಗದೆ. ಇನ್ನೊಂದು ಬದಿಯಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತಿರುವ ಆನೆ. ಅಡಿಯಲ್ಲಿ ಯಾರೋ ಧೈರ್ಯವಾಗಿ ಬರೆದಿರುತ್ತಾರೆ, ಇದು ಹ್ಯಾನಿಬಲ್‌ನ ಮುಖ ಎಂದು.

ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಒಂದು ದಿನ ಫೋಟೋವನ್ನು ದೊಡ್ಡದು ಮಾಡಿ ಅಂಚಿನಿಂದ ಅಂಚಿಗೆ ಹುಡುಕಿದೆ. ಎಲ್ಲಿಯೂ ಹೆಸರಿಲ್ಲ. ರಾಜನದಿಲ್ಲ, ಊರಿನದಿಲ್ಲ, ದೇವರದೂ ಇಲ್ಲ. ದಿನವಿಡೀ ಡೇಟಾಬೇಸ್ ಜೊತೆ ಗುದ್ದಾಡುವವರಿಗೆ ಇಂಥದ್ದು ಕಂಡರೆ ಸುಮ್ಮನಿರಲಾಗುವುದಿಲ್ಲ. ಮುಖ್ಯ ಕಾಲಮ್ಮೇ ಖಾಲಿ ಇದೆ, ಆದರೂ ರಿಪೋರ್ಟಿನಲ್ಲಿ ಹೆಸರು ಬಂದಿದೆ. ಯಾರು ತುಂಬಿದರು, ಯಾವ ಆಧಾರದ ಮೇಲೆ ತುಂಬಿದರು? ಈ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದರ ಫಲ ಈ ಬರಹ.

ಕಾರ್ಥೇಜ್ ಇದ್ದದ್ದು ಇಂದಿನ ಟುನೀಶಿಯಾದ ಕಡಲತೀರದಲ್ಲಿ. ಈಗಿನ ಲೆಬನಾನಿನ ಟೈರ್ ಪಟ್ಟಣದಿಂದ ಬಂದ ಫಿನೀಷಿಯನ್ನರು ಕ್ರಿ.ಪೂ. 814ರಲ್ಲಿ ಅದನ್ನು ಕಟ್ಟಿದರೆಂಬುದು ಪರಂಪರೆಯ ಮಾತು. ಕಟ್ಟಿಸಿದವಳು ಎಲಿಸ್ಸಾ ಎಂಬ ರಾಣಿ, ರೋಮನ್ ಕವಿಗಳ ಡೈಡೋ. ಅವರ ಭಾಷೆಯಲ್ಲಿ ಊರಿನ ಹೆಸರು ಕರ್ತ್ ಹದಶ್ತ್, ಎಂದರೆ ಹೊಸ ಊರು. ನಮ್ಮ ಹೊಸೂರು, ಹೊಸಪೇಟೆಗಳ ಹಾಗೆ. ಮುಂದೆ ಅವರು ಸ್ಪೇನಿನಲ್ಲಿ ಇನ್ನೊಂದು ಪಟ್ಟಣ ಕಟ್ಟಿ ಅದಕ್ಕೂ ಅದೇ ಹೆಸರಿಟ್ಟರು. ರೋಮನ್ನರು ಗುರುತಿಗೆಂದು ಅದನ್ನು ಹೊಸ ಕಾರ್ಥೇಜ್ ಎಂದರು. ಹೊಸ ಹೊಸೂರು! ಇಂದಿನ ಕಾರ್ತಹೇನಾ ಅದೇ.

ಕ್ರಿ.ಪೂ. 146ರಲ್ಲಿ ರೋಮ್ ಕಾರ್ಥೇಜನ್ನು ಸುಟ್ಟು ನೆಲಸಮ ಮಾಡಿತು. ಅಲ್ಲಿನ ಗ್ರಂಥಭಂಡಾರಗಳನ್ನು ಆಫ್ರಿಕಾದ ಸಣ್ಣಪುಟ್ಟ ಅರಸರಿಗೆ ಹಂಚಿಬಿಟ್ಟಿತು ಎಂದು ಪ್ಲಿನಿ ಬರೆಯುತ್ತಾನೆ. ರೋಮಿನ ಸೆನೆಟ್ ತನಗೆ ಬೇಕೆಂದು ಲ್ಯಾಟಿನ್ನಿಗೆ ಅನುವಾದ ಮಾಡಿಸಿದ್ದು ಒಂದೇ ಕೃತಿ, ಮಾಗೋ ಎಂಬವನು ಬೇಸಾಯದ ಬಗ್ಗೆ ಬರೆದ 28 ಸಂಪುಟಗಳು. ಕಾರ್ಥೇಜಿನವರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಇತಿಹಾಸ ಒಂದೂ ನಮ್ಮ ಕೈಗೆ ಬಂದಿಲ್ಲ. ಬಂದಿರುವುದೆಲ್ಲ ಗ್ರೀಕರು, ರೋಮನ್ನರು ಬರೆದದ್ದು, ಎಂದರೆ ಬಹುಮಟ್ಟಿಗೆ ಎದುರಾಳಿಯ ದಫ್ತರ. ಹಾಗಾಗಿ ಅವರ ಕೈಯಿಂದಲೇ ಹೊರಬಂದ ಶಾಸನಗಳಿಗೂ ನಾಣ್ಯಗಳಿಗೂ ಎಲ್ಲಿಲ್ಲದ ಬೆಲೆ. ಆ ನಾಣ್ಯಗಳೋ ಮಿತಭಾಷಿಗಳು.

ಇನ್ನೊಂದು ಸೋಜಿಗವಿದೆ. ಮೆಡಿಟರೇನಿಯನ್ ವ್ಯಾಪಾರದಲ್ಲಿ ಇಷ್ಟು ಪಳಗಿದ ಜನ ಸುಮಾರು ನಾನೂರು ವರ್ಷ ಸ್ವಂತ ನಾಣ್ಯವಿಲ್ಲದೆಯೇ ವ್ಯವಹಾರ ನಡೆಸಿದರು. ಅಚ್ಚು ಹಾಕತೊಡಗಿದ್ದು ಕ್ರಿ.ಪೂ. ಐದನೇ ಶತಮಾನದ ಕೊನೆಯಲ್ಲಿ, ಅದೂ ತಮ್ಮ ಊರಿನಲ್ಲಲ್ಲ, ಸಿಸಿಲಿಯಲ್ಲಿ. ಕ್ರಿ.ಪೂ. 409ರಲ್ಲಿ ಅವರ ಸೈನ್ಯ ಸಿಸಿಲಿಗೆ ಇಳಿದು ಸೆಲಿನುಸ್, ಹಿಮೆರಾ ಎಂಬ ಗ್ರೀಕ್ ಪಟ್ಟಣಗಳನ್ನು ನಾಶ ಮಾಡಿತು. ಆ ದಂಡಯಾತ್ರೆಯ ನಾಯಕನ ಹೆಸರೂ ಹ್ಯಾನಿಬಲ್ ಎಂದೇ. ಹ್ಯಾನಿಬಲ್, ಹಮಿಲ್ಕರ್, ಹಸ್ದ್ರುಬಲ್, ಹಾನ್ನೋ, ಈ ನಾಲ್ಕೈದು ಹೆಸರುಗಳೇ ಅವರಲ್ಲಿ ಮತ್ತೆ ಮತ್ತೆ ಬರುತ್ತವೆ. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳ ವಂಶವೃಕ್ಷ ನೋಡಿದವರಿಗೆ ಈ ಕಷ್ಟ ಹೊಸದೇನಲ್ಲ. ಇರಲಿ. ಸೈನ್ಯದಲ್ಲಿದ್ದವರಲ್ಲಿ ಬಹಳ ಮಂದಿ ಕೂಲಿ ಸೈನಿಕರು. ಅವರಿಗೆ ಪರಿಚಯವಿದ್ದದ್ದು ಗ್ರೀಕ್ ತೂಕದ ಸುಮಾರು 17 ಗ್ರಾಮಿನ ಬೆಳ್ಳಿ ಟೆಟ್ರಾಡ್ರಾಕ್ಮ. ಕಾರ್ಥೇಜ್ ಅದೇ ತೂಕದ ನಾಣ್ಯ ಹೊಡೆಸಿತು. ಮುಂದೆ ಬಳಸಿದ ತನ್ನದೇ ಶೆಕೆಲ್ ಸುಮಾರು 7.2 ಗ್ರಾಮಿನದು, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಹಗುರ.

ಈ ಮೊದಲ ನಾಣ್ಯಗಳ ಮೇಲೆ ಕುದುರೆ, ಖರ್ಜೂರದ ಮರ ಮತ್ತು ಅಕ್ಷರಗಳಿವೆ. ಅಕ್ಷರವಿದ್ದರೆ ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತೇವೆ. ನಿಜವಾದ ತಲೆನೋವು ಶುರುವಾಗುವುದೇ ಅಲ್ಲಿ. ಪ್ಯೂನಿಕ್ ಲಿಪಿಯಲ್ಲಿ ಇರುವುದು 22 ವ್ಯಂಜನಗಳು, ಸ್ವರಗಳಿಗೆ ಗುರುತೇ ಇಲ್ಲ. ಕಾಗುಣಿತವಿಲ್ಲದ ಕನ್ನಡವನ್ನು ಊಹಿಸಿಕೊಳ್ಳಿ. ಕ, ಲ ಎಂದು ಬರೆದಿದ್ದರೆ ಅದು ಕಾಲೋ, ಕಲ್ಲೋ, ಕೋಲೋ, ಕೇಳು ಎನ್ನುತ್ತಿದ್ದಾರೋ!

ನಾಣ್ಯಗಳ ಮೇಲೆ ಕಾಣುವ ಒಂದು ಪದ ಕರ್ತ್ ಹದಶ್ತ್. ಇನ್ನೊಂದು ಮಹನತ್, ಅಂದರೆ ಪಾಳೆಯ, ದಂಡು. ಬೆಂಗಳೂರಿನ ಕಂಟೋನ್ಮೆಂಟನ್ನು ಹಿರಿಯರು ದಂಡು ಅನ್ನುತ್ತಿದ್ದರಲ್ಲ, ಸೈನ್ಯಕ್ಕೂ ಅದು ಬೀಡುಬಿಟ್ಟ ಜಾಗಕ್ಕೂ ಒಂದೇ ಮಾತು, ಇದೂ ಹಾಗೆಯೇ. ನಂತರದ ಕೆಲವು ನಾಣ್ಯಗಳಲ್ಲಿ ಅಮ್ ಮಹನತ್, ದಂಡಿನ ಜನ, ಎಂದಿದೆ. ಇನ್ನೂ ಕೆಲವದರಲ್ಲಿ ಮೆಹಶ್ಬಿಮ್, ಅಂದರೆ ಲೆಕ್ಕ ಹಾಕುವವರು. ಅರಬ್ಬಿಯ ಮೂಲಕ ಹೈದರಾಬಾದ್, ಮುಂಬಯಿಗಳ ನಮ್ಮ ದಿನನಿತ್ಯದ ಮಾತಿಗೆ ಬಂದಿರುವ ಹಿಸಾಬ್ ಎಂಬ ಪದವೂ ಅದೇ ಧಾತುವಿನ ಬಳಗಕ್ಕೆ ಸೇರಿದ್ದು. ದಂಡಿನ ಶಾನುಭೋಗರು ಹೊರಡಿಸಿದ ಹಣ ಎನ್ನಬಹುದು.

ಹಾಗಾದರೆ ಕರ್ತ್ ಹದಶ್ತ್ ಎಂದು ಬರೆದಿರುವ ನಾಣ್ಯ ಅಚ್ಚಾದದ್ದು ಆಫ್ರಿಕಾದ ಕಾರ್ಥೇಜಿನಲ್ಲೋ, ಸಿಸಿಲಿಯಲ್ಲೋ? ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಯಾರ ಅಪ್ಪಣೆಯಿಂದ ಅಚ್ಚಾಯಿತು ಎಂಬುದು ಒಂದು, ಯಾವ ಟಂಕಸಾಲೆಯಲ್ಲಿ ಎಂಬುದು ಇನ್ನೊಂದು. ಹೆಸರು ಮೊದಲಿನದಕ್ಕೆ ಉತ್ತರ ಕೊಡಬಹುದು, ಎರಡನೆಯದಕ್ಕೆ ಕೊಡಬೇಕೆಂದಿಲ್ಲ. ಸೈನ್ಯದ ಜೊತೆಗೇ ಟಂಕಸಾಲೆಯೂ ಸಾಗುತ್ತಿತ್ತಾದರೆ ಊರು ಎಂಬ ಉತ್ತರವೇ ಇಲ್ಲದಿರಬಹುದು.

ಸಿಸಿಲಿಯ ಇನ್ನೆರಡು ಪದಗಳು ವಿದ್ವಾಂಸರನ್ನು ಇನ್ನೂ ಹೆಚ್ಚು ಕಾಡಿವೆ. ಒಂದು ಮೂರೇ ಅಕ್ಷರದ್ದು, ಜಿಜ್ ಎಂದು ಓದುತ್ತಾರೆ. ಹೀಬ್ರೂವಿನ ಸೋದರ ಪದದ ಅರ್ಥ ಹೂವು. ಅದು ಇಂದಿನ ಪಾಲೆರ್ಮೋ ನಗರದ ಪ್ಯೂನಿಕ್ ಹೆಸರು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ. ಇನ್ನೊಂದು ರೋಶ್ ಮೆಲ್ಕರ್ತ್. ಮೆಲ್ಕರ್ತ್ ಟೈರ್ ಪಟ್ಟಣದ ದೇವರು, ರೋಶ್ ಎಂದರೆ ತಲೆ. ಮೆಲ್ಕರ್ತನ ತಲೆ ಎಂದರೆ ಕಡಲಿಗೆ ಚಾಚಿದ ಭೂಶಿರ ಎಂದು ಹಿಡಿದು ಒಬ್ಬರು ಚೆಫಲೂ ಎಂದರು, ಇನ್ನೊಬ್ಬರು ಹೆರಾಕ್ಲಿಯಾ ಮಿನೋವಾ ಎಂದರು, ಮತ್ತೊಬ್ಬರು ಸೆಲಿನುಸ್ ಎಂದರು. ಇದು ಊರೇ ಅಲ್ಲ, ಮೆಲ್ಕರ್ತನ ಹೆಸರಿನ ಒಂದು ಅಧಿಕಾರ ಮಂಡಳಿ ಎಂಬ ವಾದವೂ ಇದೆ. ತಲಕಾವೇರಿಯಲ್ಲಿ ತಲೆ ಎಂದರೆ ಜಾಗ, ತಲೆಯಾಳು ಎಂದರೆ ನಾಯಕ. ಕನ್ನಡ ಬಲ್ಲವರಿಗೆ ಎರಡೂ ಸಹಜವಾಗಿಯೇ ಕಾಣುತ್ತದೆ, ಅದೇ ತೊಂದರೆ.

ಈ ಕಗ್ಗಂಟನ್ನು ತಾಳ್ಮೆಯಿಂದ ಬಿಡಿಸಲು ಕುಳಿತವರು ಬ್ರಿಟಿಷ್ ಮ್ಯೂಸಿಯಮ್ಮಿನ ನಾಣ್ಯ ವಿಭಾಗದಲ್ಲಿದ್ದ ಕೆನೆತ್ ಜೆಂಕಿನ್ಸ್. ಸಿಸಿಲಿಯ ಪ್ಯೂನಿಕ್ ನಾಣ್ಯಗಳ ಬಗ್ಗೆ ಅವರ ನಾಲ್ಕು ಭಾಗಗಳ ಅಧ್ಯಯನ 1971ರಿಂದ 1978ರವರೆಗೆ ಸ್ವಿಟ್ಜರ್ಲೆಂಡಿನ ನಾಣ್ಯಶಾಸ್ತ್ರ ಪತ್ರಿಕೆಯಲ್ಲಿ ಬಂತು. ಅವರು ನೆಚ್ಚಿಕೊಂಡ ದಾರಿ ಅಚ್ಚುಗಳದ್ದು. ಆಗ ನಾಣ್ಯ ಮಾಡುತ್ತಿದ್ದುದು ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು. ಏಟು ನೇರವಾಗಿ ಬೀಳುವ ಮೇಲಿನ ಅಚ್ಚು ಬೇಗ ಸವೆಯುತ್ತದೆ, ಕೆಳಗಿನದು ಹೆಚ್ಚು ಕಾಲ ಬಾಳುತ್ತದೆ. ಮೇಲಿನದನ್ನು ಬದಲಿಸಿದಾಗಲೂ ಕೆಳಗಿನದು ಅದೇ ಇರುತ್ತದೆ. ಹೀಗೆ ಒಂದು ನಾಣ್ಯದ ಮುಖ ಇನ್ನೊಂದರ ಮುಖಕ್ಕೆ, ಅದರ ಹಿಂಬದಿ ಮತ್ತೊಂದಕ್ಕೆ ಕೊಂಡಿಯಾಗುತ್ತಾ ಸರಪಳಿ ಬೆಳೆಯುತ್ತದೆ. ಅಚ್ಚಿನಲ್ಲಿ ಬಿರುಕು ಎಷ್ಟು ಬೆಳೆದಿದೆ ಎಂದು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದೂ ಹೇಳಬಹುದು. ನಾವೀಗ ಗ್ರಾಫ್ ಎಂದು ಕರೆದು ಕಂಪ್ಯೂಟರಿಗೆ ವಹಿಸುವ ಕೆಲಸವನ್ನು ಅವರು ಭೂತಗನ್ನಡಿ ಹಿಡಿದು, ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾಡಿದರು.

ಸಿಸಿಲಿಯನ್ನು ಬಿಡುವ ಮುನ್ನ ಒಬ್ಬ ಹೆಂಗಸಿನ ಬಗ್ಗೆ ಹೇಳಬೇಕು. ಕಾರ್ಥೇಜಿನ ನಾಣ್ಯಗಳಲ್ಲಿ ಅತಿ ಹೆಚ್ಚು ಕಾಣುವುದು ಅವಳ ಮುಖ. ಬಹಳಷ್ಟು ಪಟ್ಟಿಗಳು ಅವಳನ್ನು ತನಿತ್ ಎಂದು ಕರೆದು ಮುಂದೆ ಹೋಗುತ್ತವೆ. ತನಿತ್ ಕಾರ್ಥೇಜಿನ ದೊಡ್ಡ ದೇವತೆ ಹೌದು, ಶಾಸನಗಳಲ್ಲಿ ಅವಳ ಬಿರುದೇ ಬಾಲ್ ದೇವರ ಮುಖ ಎಂದು. ಆದರೆ ನಾಣ್ಯದಲ್ಲಿ ಅವಳ ಹೆಸರಿಲ್ಲ. ಮುಡಿಯಲ್ಲಿರುವುದು ಧಾನ್ಯದ ತೆನೆ, ಅದು ಗ್ರೀಕರ ಬೆಳೆಯ ದೇವತೆ ಡಿಮೀಟರ್ ಮತ್ತು ಅವಳ ಮಗಳ ಲಾಂಛನ. ಕ್ರಿ.ಪೂ. 396ರಲ್ಲಿ ಸಿರಾಕ್ಯೂಸಿನಲ್ಲಿ ಆ ದೇವತೆಯರ ಗುಡಿಯನ್ನು ಕೊಳ್ಳೆ ಹೊಡೆದ ಮೇಲೆ ಸೈನ್ಯಕ್ಕೆ ಪಿಡುಗು ತಗುಲಿತೆಂದು, ಕಾರ್ಥೇಜಿನವರು ತಪ್ಪುಕಾಣಿಕೆಯ ಹಾಗೆ ಅವರ ಪೂಜೆಯನ್ನೇ ತಮ್ಮ ಊರಿಗೆ ತಂದುಕೊಂಡರು ಎಂದು ಡಿಯೊಡೋರಸ್ ಬರೆದಿದ್ದಾನೆ. ಮುಖದ ಸುತ್ತ ಡಾಲ್ಫಿನ್‌ಗಳಿದ್ದರೆ ಅವಳು ಸಿರಾಕ್ಯೂಸಿನ ಚಿಲುಮೆಯ ದೇವತೆ ಅರೆಥೂಸಾಳ ನಕಲು, ಅಲ್ಲಿನ ಯುಐನೆಟೋಸ್ ಎಂಬ ಕುಸುರಿಗಾರ ಕೊರೆದ ಹೆಸರಾಂತ ಮುಖದ ಪ್ರತಿರೂಪ. ಮಾಡಿದವನು ಗ್ರೀಕನಿರಬಹುದು, ಮಾಡಿಸಿದವರು ಕಾರ್ಥೇಜಿನವರು, ಕೈಗೆ ತೆಗೆದುಕೊಂಡವನು ಕಾಂಪಾನಿಯಾದ ಸಿಪಾಯಿ. ಒಂದೇ ಮುಖ ಮೂವರಿಗೆ ಮೂರು ದೇವತೆಯಾಗಿ ಕಂಡಿರಬಹುದು. ಒಂದೇ ಗುಡಿಯ ಅಮ್ಮನಿಗೆ ಒಂದೊಂದು ಕುಲದವರು ಒಂದೊಂದು ಹೆಸರಿಡುವುದನ್ನು ಕಂಡ ನಮಗೆ, ಅವಳು ಖಂಡಿತ ಇಂಥವಳೇ ಎಂದು ಚೀಟಿ ಅಂಟಿಸುವ ಅವಸರ ಬೇಡ ಅನ್ನಿಸುತ್ತದೆ.

ಈಗ ಮತ್ತೆ ಆನೆಯ ನಾಣ್ಯಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಆನೆ ನಾಣ್ಯಗಳನ್ನು ಜುಗುರ್ತನೇ ಮೊದಲಾದ ನುಮಿಡಿಯಾದ ಅರಸರ ಲೆಕ್ಕಕ್ಕೆ ಬರೆಯುತ್ತಿದ್ದರು. ಆಫ್ರಿಕಾ, ಆನೆ, ಅರಸ, ತರ್ಕ ಅಷ್ಟೇ. ಆನೆಯೇನೋ ಆಫ್ರಿಕಾದ್ದೇ. ದೊಡ್ಡ ಮೊರದಂಥ ಕಿವಿ, ನಡುವೆ ತಗ್ಗಾದ ಬೆನ್ನು. ದಸರಾ ಆನೆಗಳ ಉಬ್ಬಿದ ಬೆನ್ನು ನೋಡಿ ಬೆಳೆದ ಕಣ್ಣಿಗೆ ಇದು ಬೇರೆ ಜಾತಿ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ 1956ರಲ್ಲಿ ಎಡ್ವರ್ಡ್ ರಾಬಿನ್ಸನ್ ಒಂದು ಸರಳ ಸಂಗತಿಯನ್ನು ಎತ್ತಿ ಹಿಡಿದರು. ಈ ಗುಂಪಿನ ನಾಣ್ಯಗಳು ಸಿಗುತ್ತಿರುವುದು ಆಫ್ರಿಕಾದ ನೆಲದಲ್ಲಲ್ಲ, ಸ್ಪೇನಿನಲ್ಲಿ. ಬೆಳ್ಳಿಯೂ ಒಳ್ಳೆಯದು, ಅದೇ ಕಾಲದಲ್ಲಿ ಕಾರ್ಥೇಜಿನಲ್ಲೇ ಅಚ್ಚಾಗುತ್ತಿದ್ದ ಬೆರಕೆ ಬೆಳ್ಳಿಯಂತಲ್ಲ. ಕ್ರಿ.ಪೂ. 237ರಲ್ಲಿ ಹಮಿಲ್ಕರ್ ಬಾರ್ಕಾ ಸ್ಪೇನಿಗೆ ಹೋದ. ಅವನ ನಂತರ ಅಳಿಯ ಹಸ್ದ್ರುಬಲ್, ಕ್ರಿ.ಪೂ. 221ರಿಂದ ಮಗ ಹ್ಯಾನಿಬಲ್. ಅಲ್ಲಿನ ಬೆಳ್ಳಿಗಣಿಗಳು ಇವರ ಕೈಯಲ್ಲಿದ್ದವು. ಬೈಬೆಲೋ ಎಂಬ ಒಂದೇ ಗಣಿ ಹ್ಯಾನಿಬಲ್‌ಗೆ ದಿನಕ್ಕೆ 300 ರೋಮನ್ ಪೌಂಡ್ ಬೆಳ್ಳಿ ಕೊಡುತ್ತಿತ್ತೆಂದು ಪ್ಲಿನಿ ಹೇಳುತ್ತಾನೆ, ಹತ್ತಿರ ಹತ್ತಿರ ಒಂದು ಕ್ವಿಂಟಲ್. ನಾಣ್ಯಗಳು ಬಾರ್ಕಾ ಮನೆತನದವು ಎಂಬ ರಾಬಿನ್ಸನ್ ಅವರ ಮಾತನ್ನು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಗಡ್ಡವಿರುವ ಮುಖ ಅಪ್ಪ ಹಮಿಲ್ಕರನದು, ಗಡ್ಡವಿಲ್ಲದ್ದು ಮಗ ಹ್ಯಾನಿಬಲನದು ಎಂದರು. ನನ್ನ ತಕರಾರು ಇರುವುದು ಈ ಹೆಜ್ಜೆಯ ಬಗ್ಗೆ. ಗದೆ ಮೆಲ್ಕರ್ತನ ಗುರುತು, ಅವನನ್ನು ಗ್ರೀಕರು ಹೆರಾಕ್ಲೀಸ್ ಎಂದು ಕಂಡರು. ಹೆರಾಕ್ಲೀಸನನ್ನು ಗಡ್ಡ ಬಿಟ್ಟವನಾಗಿಯೂ, ಬಿಡದ ಯುವಕನಾಗಿಯೂ ಚಿತ್ರಿಸುವ ರೂಢಿ ಮೊದಲೇ ಇತ್ತು. ಜೀವಂತ ನಾಯಕನ ಮುಖ ನಾಣ್ಯಕ್ಕೆ ಬರುತ್ತಿರಲಿಲ್ಲವೇ ಎಂದರೆ ಬರುತ್ತಿತ್ತು, ಅದೇ ಕಾಲದ ಸಿರಾಕ್ಯೂಸಿನ ಎರಡನೇ ಹಿಯೆರೋನ್ ತನ್ನ ಮುಖ ಹಾಕಿಸಿಕೊಂಡಿದ್ದ. ಆದರೆ ಅವನು ಅರಸ, ಹೆಸರನ್ನೂ ಬರೆಸಿದ. ಹಮಿಲ್ಕರ್ ಗಣರಾಜ್ಯವೊಂದರ ಸೇನಾಪತಿ. ಹೋಲಿಸಿ ನೋಡಲು ಇವರಿಬ್ಬರ ಖಚಿತವಾದ ಪ್ರತಿಮೆ ಒಂದೂ ಉಳಿದಿಲ್ಲ. ಹ್ಯಾನಿಬಲ್ ಕ್ರಿ.ಪೂ. 217ರಲ್ಲಿ ಒಂದು ಕಣ್ಣು ಕಳೆದುಕೊಂಡನಲ್ಲ, ಅದನ್ನಾದರೂ ನೋಡೋಣವೆಂದರೆ ನಾಣ್ಯದಲ್ಲಿ ಇರುವುದು ಪಕ್ಕದ ನೋಟ, ಕಾಣುವುದು ಒಂದೇ ಕಣ್ಣು! ಸಾಮಾನ್ಯವಾಗಿ ಗಡ್ಡದ ಮುಖದ ಹಿಂದಿನ ಆನೆಗೆ ಮಾವುತನಿದ್ದಾನೆ, ಗಡ್ಡವಿಲ್ಲದ ಮುಖದ ಆನೆಗೆ ಇಲ್ಲ. ಇದಕ್ಕೂ ಏನೋ ಅರ್ಥವಿರಬೇಕು. ದೇವರ ಮುಖದಲ್ಲಿ ಸೇನಾಪತಿಯ ಛಾಯೆ ತಂದಿರಬಹುದು ಎಂಬ ನಡುದಾರಿಯ ಮಾತನ್ನು ಅಲ್ಲಗಳೆಯಲಾಗುವುದಿಲ್ಲ, ಸಾಬೀತು ಮಾಡಲೂ ಆಗುವುದಿಲ್ಲ. ನಾನಾದರೆ ಚೀಟಿಯ ಮೇಲೆ ಮೆಲ್ಕರ್ತ್ ಎಂದೇ ಬರೆಯುತ್ತೇನೆ. ಹರಾಜಿನ ಪಟ್ಟಿಯಲ್ಲಿ ಹ್ಯಾನಿಬಲ್ ಎಂದು ಕಂಡರೆ ಕೊಳ್ಳುವವರ ಕಣ್ಣು ಅರಳುತ್ತದೆ ಎಂಬುದನ್ನೂ ಮರೆಯಬಾರದು. ನೆಲ ಅಗೆದು ಸಿಕ್ಕಿದ್ದನ್ನು ಗುಟ್ಟಾಗಿ ಬಿಡಿಬಿಡಿಯಾಗಿ ಮಾರಿದಾಗ, ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬ ಮಾಹಿತಿ ಅಲ್ಲಿಗೇ ಮುಗಿಯುತ್ತದೆ. ರಾಬಿನ್ಸನ್ ಅವರಿಗೆ ಆಧಾರವಾಗಿದ್ದೇ ಅಂಥ ಮಾಹಿತಿ.

ಕ್ರಿ.ಪೂ. 209ರಲ್ಲಿ ರೋಮಿನ ಸ್ಕಿಪಿಯೋ ಹೊಸ ಕಾರ್ಥೇಜನ್ನು ಹಿಡಿದಾಗ ಗಟ್ಟಿಯಾಗಿಯೂ ನಾಣ್ಯವಾಗಿಯೂ ಸಿಕ್ಕ ಬೆಳ್ಳಿ 18,300 ಪೌಂಡ್ ಎಂದು ಲಿವಿ ಲೆಕ್ಕ ಕೊಡುತ್ತಾನೆ, ಸುಮಾರು 6 ಟನ್. 2017ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು 70 ರೋಮನ್ ನಾಣ್ಯಗಳಲ್ಲಿನ ಸೀಸದ ಐಸೊಟೋಪುಗಳನ್ನು ಅಳೆದು, ಅದೇ ಸುಮಾರಿನಿಂದ ಅವುಗಳ ಬೆಳ್ಳಿಯ ಮೂಲ ಬದಲಾಗಿ ಸ್ಪೇನಿನ ಅದಿರಿನ ಗುರುತು ಮೂಡುತ್ತದೆಂದು ತೋರಿಸಿತು. ಆನೆ ಕರಗಿ ರೋಮಿನ ದೇವರಾಯಿತು.

ಸೋತ ಕಾರ್ಥೇಜಿನ ಬೆಳ್ಳಿಯ ಬಗ್ಗೆ ಲಿವಿಯಲ್ಲೇ ಒಂದು ಸಣ್ಣ ಪ್ರಸಂಗವಿದೆ. ಕ್ರಿ.ಪೂ. 201ರ ಒಪ್ಪಂದದಂತೆ 50 ವರ್ಷಗಳಲ್ಲಿ 10,000 ಟ್ಯಾಲೆಂಟ್ ದಂಡ ಕಟ್ಟಬೇಕು. ವರ್ಷಕ್ಕೆ 200, ಅಂದರೆ 5 ಟನ್ನಿಗೂ ಹೆಚ್ಚು ಬೆಳ್ಳಿ. ಕ್ರಿ.ಪೂ. 199ರಲ್ಲಿ ಮೊದಲ ಕಂತು ರೋಮಿಗೆ ಬಂತು. ಅಧಿಕಾರಿಗಳು ಕರಗಿಸಿ ಪರೀಕ್ಷಿಸಿದರೆ ಕಾಲು ಭಾಗ ಹೋಗಿಯೇಬಿಟ್ಟಿತು. ಬಂದವರು ರೋಮಿನಲ್ಲೇ ಸಾಲ ಎತ್ತಿ ಕೊರತೆ ತುಂಬಿಕೊಟ್ಟರು.

ಕೊನೆಯದಾಗಿ ನನ್ನನ್ನು ಬಹಳ ಕಾಡಿದ ನಾಣ್ಯ. ಇದು ಕಾರ್ಥೇಜಿನದಲ್ಲ, ಅದರ ವಿರುದ್ಧ ಎದ್ದವರದು. ಕ್ರಿ.ಪೂ. 241ರಲ್ಲಿ ರೋಮಿನೊಡನೆ ಮೊದಲ ಯುದ್ಧ ಸೋತು, ಸುಮಾರು 20,000 ಕೂಲಿ ಸೈನಿಕರು ಸಿಸಿಲಿಯಿಂದ ಆಫ್ರಿಕಾಕ್ಕೆ ಮರಳಿದರು. ಬಾಕಿ ಸಂಬಳ ಕೇಳಿದರೆ ಬೊಕ್ಕಸ ಬರಿದು. ತುರ್ತಿಗೆಂದು ತಲೆಗೊಂದು ಚಿನ್ನದ ನಾಣ್ಯ ಕೊಟ್ಟು ಸಿಕ್ಕಾ ಎಂಬ ದೂರದ ಊರಿಗೆ ಸಾಗಹಾಕಿದರು. ದಂಗೆ ಎದ್ದಿತು. ಮಾಥೋಸ್ ಎಂಬ ಲಿಬಿಯನ್, ಸ್ಪೆಂಡಿಯೋಸ್ ಎಂಬ ಕಾಂಪಾನಿಯಾದ ಓಡಿಬಂದ ಗುಲಾಮ ನಾಯಕರಾದರು. ಇದರ ಜೊತೆಗೆ ಕಾರ್ಥೇಜಿನ ಸುತ್ತಲ ಲಿಬಿಯನ್ ಹಳ್ಳಿಗಳು ಸೇರಿಕೊಂಡವು. ಯುದ್ಧದ ಖರ್ಚಿಗೆಂದು ಅವರ ಬೆಳೆಯಲ್ಲಿ ಅರ್ಧ ಕಿತ್ತುಕೊಂಡಿದ್ದರು, ಪಟ್ಟಣಗಳ ತೆರಿಗೆ ಎರಡು ಪಟ್ಟು ಮಾಡಿದ್ದರು.

ಇದನ್ನು ಬರೆದವನು ಪಾಲಿಬಿಯಸ್, ಗ್ರೀಕ್ ಇತಿಹಾಸಕಾರ. ಅವನು ಆ ಹೆಂಗಸರ ಬಗ್ಗೆ ಹೇಳುತ್ತಾನೆ. ತೆರಿಗೆ ಬಾಕಿಗಾಗಿ ಗಂಡಂದಿರನ್ನು, ಅಪ್ಪಂದಿರನ್ನು ಎಳೆದೊಯ್ಯುವುದನ್ನು ಕಂಡಿದ್ದ ಅವರು, ಊರೂರಿನಲ್ಲಿ ಸೇರಿ ತಮ್ಮ ಬಳಿ ಇರುವುದನ್ನು ಒಂದಿಷ್ಟೂ ಬಚ್ಚಿಡುವುದಿಲ್ಲವೆಂದು ಆಣೆ ಮಾಡಿದರು. ಮೈಮೇಲಿನ ಒಡವೆ ಬಿಚ್ಚಿ ಯುದ್ಧದ ನಿಧಿಗೆ ಕೊಟ್ಟರು. ಹೀಗೆ ಬಂದ ಹಣದಿಂದ ಮಾಥೋಸ್, ಸ್ಪೆಂಡಿಯೋಸ್ ಸೈನಿಕರ ಬಾಕಿಯನ್ನೆಲ್ಲ ತೀರಿಸಿ ಇನ್ನೂ ಮಿಗಿಸಿಕೊಂಡರಂತೆ. ಒಡವೆ ಎಂದರೆ ಹೆಂಗಸಿನ ಕೊನೆಯ ಗಂಟು ಎಂದು ಗೊತ್ತಿರುವ ಯಾರೂ ಈ ಸಾಲನ್ನು ಸುಮ್ಮನೆ ದಾಟಿ ಹೋಗಲಾರರು.

ದಂಗೆಯ ನಾಣ್ಯಗಳ ಮೇಲೆ ಒಮ್ಮೆಗೆ ಹೆಸರಿದೆ, ಗ್ರೀಕ್ ಅಕ್ಷರಗಳಲ್ಲಿ, ಲಿಬ್ಯುಓನ್, ಲಿಬಿಯನ್ನರದು. ಕೆಲವದರಲ್ಲಿ ಸಿಂಹದ ತೊಗಲು ಹೊದ್ದ ಹೆರಾಕ್ಲೀಸ್ ಮತ್ತು ಸಿಂಹ, ಕೆಲವದರಲ್ಲಿ ಜೀಯಸ್ ಮತ್ತು ಗೂಳಿ. ದಂಗೆಯ ಸೈನ್ಯದಲ್ಲಿ ಐಬೀರಿಯಾದವರು, ಗಾಲ್‌ಗಳು, ಲಿಗೂರಿಯಾದವರು, ಅರೆ ಗ್ರೀಕರು ಎಲ್ಲರೂ ಇದ್ದರು. ಹೆಸರು ಹಾಕಿಸಿದ್ದು ಮಾತ್ರ ಲಿಬಿಯನ್ನರ ಹೆಸರಿನಲ್ಲಿ. ಇತಿಹಾಸದ ಪುಸ್ತಕಗಳು ಇದನ್ನು ಕೂಲಿ ಸೈನಿಕರ ಯುದ್ಧ ಎನ್ನುತ್ತವೆ. ನಾಣ್ಯ ಒಪ್ಪುವುದಿಲ್ಲ. ಜೊತೆಗೆ ಮ ಎಂಬ ಒಂದೇ ಒಂದು ಪ್ಯೂನಿಕ್ ಅಕ್ಷರವೂ ಕಾಣುತ್ತದೆ. ಮಾಥೋಸನ ಮ ಎಂದು ಕೆಲವರು, ಮಹನತ್ ಪದದ ಮ ಎಂದು ಕೆಲವರು. ಶತ್ರುವಿನ ನಾಣ್ಯದ ಪದವನ್ನೇ ದಂಗೆಯವರು ತಮ್ಮದು ಮಾಡಿಕೊಂಡಿದ್ದರೆ ಅದರಲ್ಲಿ ಒಂದು ಸೊಗಸಿದೆ, ಆದರೆ ಸೊಗಸು ಸಾಕ್ಷಿಯಲ್ಲ.

ಲೋಹದಲ್ಲಿ ಇನ್ನೊಂದು ಒಗಟು. 1988ರಲ್ಲಿ ಇಯಾನ್ ಕ್ಯಾರಡೈಸ್ ಮತ್ತು ಸೂಸನ್ ಲಾ ನೀಸ್ ಇಂಥ ನಾಣ್ಯಗಳ ಲೋಹ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಬೆರಕೆಯದು, ಕೆಲವದರಲ್ಲಂತೂ ತಾಮ್ರಕ್ಕೆ ಆರ್ಸೆನಿಕ್ ಸೇರಿತ್ತು. ಆರ್ಸೆನಿಕ್ ಸೇರಿದರೆ ತಾಮ್ರದ ಮೈ ಬೆಳ್ಳಗೆ ಹೊಳೆದು ಬೆಳ್ಳಿಯಂತೆ ಕಾಣುತ್ತದೆ. ಹಣ ಮಿಕ್ಕಿತ್ತು ಎನ್ನುತ್ತಾನೆ ಪಾಲಿಬಿಯಸ್, ಬೆಳ್ಳಿ ಸಾಲದೆ ಬಂದಿತ್ತು ಎನ್ನುತ್ತದೆ ನಾಣ್ಯ. ಇಬ್ಬರಲ್ಲಿ ಒಬ್ಬರು ಸುಳ್ಳಾಡಬೇಕಿಲ್ಲ. ಯುದ್ಧ ನಡೆದದ್ದು ಮೂರು ವರ್ಷ ನಾಲ್ಕು ತಿಂಗಳು. ಮೊದಲ ವರ್ಷ ತುಂಬಿದ್ದ ಪೆಟ್ಟಿಗೆ ಮೂರನೆಯ ವರ್ಷಕ್ಕೆ ಬರಿದಾಗಿರಬಹುದು. ಇದು ನನ್ನ ಊಹೆ. ಒಡವೆಯ ಬೆಳ್ಳಿ ಈ ನಾಣ್ಯಗಳಲ್ಲಿ ಇದೆಯೇ ಎಂಬುದನ್ನು ಯಾವ ಯಂತ್ರವೂ ಹೇಳಲಾರದು, ಕರಗಿದ ಮೇಲೆ ಬಳೆಗೂ ಬಿಲ್ಲೆಗೂ ವ್ಯತ್ಯಾಸವಿಲ್ಲ.

ಇವುಗಳಲ್ಲಿ ಬಹಳಷ್ಟನ್ನು ಹೊಸ ಬಿಲ್ಲೆಯಿಂದ ಮಾಡಿಲ್ಲ. ಕಾರ್ಥೇಜಿನ ನಾಣ್ಯವನ್ನೇ ಅಚ್ಚಿನ ಮೇಲಿಟ್ಟು ಮತ್ತೊಮ್ಮೆ ಹೊಡೆದಿದ್ದಾರೆ. ಹಳೆಯದರ ಮೇಲೆ ಅಚ್ಚಾದದ್ದರಿಂದಲೇ ಇವು ಯಾವ ಕಾಲದವು ಎಂದು ನಿರ್ಧರಿಸಲು ಆಧಾರ ಸಿಕ್ಕಿತು. ಸುತ್ತಿಗೆಯ ಏಟು ಸರಿಯಾಗಿ ಬೀಳದ ಕಡೆ ಹಳೆಯ ಅಚ್ಚಿನ ಗೆರೆಗಳು ಇನ್ನೂ ಕಾಣುತ್ತವೆ, ಲಿಬಿಯನ್ನರದು ಎಂಬ ಹೊಸ ಬರಹದ ಪಕ್ಕದಲ್ಲೇ.